ಲಿನಕ್ಸ್ ಅಪ್‌ಡೇಟ್ ಆದ ಮೇಲೆ ಸ್ಕ್ರೀನ್ ದಪ್ಪ ಆಯ್ತಾ? ಮೊದಲು ಡ್ರೈವರೋ ಕೇಬಲ್ಲೋ ನೋಡಿ

ಅಪ್‌ಡೇಟ್ ಮುಗಿದು ಮಷೀನ್ ಮತ್ತೆ ಆನ್ ಆಗುತ್ತದೆ. ಐಕಾನ್‌ಗಳೆಲ್ಲ ದಪ್ಪ, ಅಕ್ಷರ ಮಸುಕು. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ 1024×768 ಬಿಟ್ಟು ಬೇರೆ ಆಯ್ಕೆಯೇ ಇಲ್ಲ. ಮಂಡ್ಯ, ಮೈಸೂರಿನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಲ್ಲಿ ಲಿನಕ್ಸ್ ಹಾಕಿಕೊಟ್ಟವರಿಗೆ ಬರುವ ಫೋನ್ ಜಾಸ್ತಿ ಇದೇ: "ಅಣ್ಣ, ಅಪ್‌ಡೇಟ್ ಕೊಟ್ಟೆ, ಸ್ಕ್ರೀನ್ ಎಲ್ಲಾ ದಪ್ಪ ಆಗೋಯ್ತು ಕಣಣ್ಣ. ಮದುವೆ ಕಾರ್ಡ್ ಅರ್ಧ ಪೇಜ್ ಕೂಡ ಕಾಣ್ತಿಲ್ಲ." ಫೋನ್ ಮಾಡುವ ಹೊತ್ತಿಗೆ ಯಾವುದೋ ವಿಡಿಯೊ ನೋಡಿ ರೆಸಲ್ಯೂಶನ್ ಬದಲಿಸುವ ಎಕ್ಸ್‌ರ್ಯಾಂಡರ್ ಕಮಾಂಡ್ ನಾಲ್ಕು ಸಲ ಹೊಡೆದಿರುತ್ತಾರೆ. ಏನೂ ಆಗಿರುವುದಿಲ್ಲ.

ರೆಸಲ್ಯೂಶನ್ ಅನ್ನು ಬಲವಂತವಾಗಿ ಏರಿಸುವುದು ಕೊನೆಗೆ ಮಾಡುವ ಕೆಲಸ. ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಲೋಡ್ ಆಗದೇ ಇದ್ದರೆ ಯಾವ ಎಕ್ಸ್‌ರ್ಯಾಂಡರ್ ಮಂತ್ರವೂ ನಡೆಯದು. ಹಾಗಾಗಿ ತಪ್ಪು ಎಲ್ಲಿದೆ ಎಂದು ಮೊದಲು ಗೊತ್ತು ಮಾಡಿಕೊಳ್ಳೋಣ. ಉಬುಂಟು ಮತ್ತು ಲಿನಕ್ಸ್ ಮಿಂಟ್ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ; ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು.

ಯಾರು ಯಾರಿಗೆ ಏನು ಹೇಳುತ್ತಾರೆ

ಮಾನಿಟರ್ ಒಳಗೆ ಒಂದು ಸಣ್ಣ ಚಿಪ್‌ನಲ್ಲಿ ಅದರ ವಿವರ ಬರೆದಿರುತ್ತದೆ: ಯಾವ ಕಂಪನಿ, ಯಾವ ಮಾಡೆಲ್, ಯಾವ ಯಾವ ರೆಸಲ್ಯೂಶನ್ ತೋರಿಸಬಲ್ಲದು ಅಂತ. ಇದಕ್ಕೆ ಇಡಿಐಡಿ ಅನ್ನುತ್ತಾರೆ. ಮೂಲ ಗಾತ್ರ 128 ಬೈಟ್. ಎಚ್‌ಡಿಎಂಐ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ಇನ್ನೂ 128 ಸೇರಿ 256 ಇರುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿರುವ ಗ್ರಾಫಿಕ್ಸ್ ಡ್ರೈವರ್ ಕೇಬಲ್ ಮೂಲಕ ಅದನ್ನು ಓದಿ ಪಟ್ಟಿ ಮಾಡುತ್ತದೆ. ಗ್ನೋಮ್ ಅಥವಾ ಸಿನಮನ್ ಡೆಸ್ಕ್‌ಟಾಪ್ ಆ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳುತ್ತದೆ. ಇಡಿಐಡಿ ಬರದಿದ್ದರೆ ಅಳತೆ ಕೊಡದೆ ಟೈಲರ್‌ಗೆ ಪ್ಯಾಂಟ್ ಹೊಲಿಯಲು ಹೇಳಿದ ಹಾಗೆ. ಅವನು ಎಲ್ಲರಿಗೂ ಆಗುವ ಒಂದು ಸೈಜ್ ಹೊಲಿದಿಡುತ್ತಾನೆ. ಲಿನಕ್ಸ್ ಕರ್ನಲ್‌ನಲ್ಲಿ ಆ ಸೈಜೇ 1024×768.

ಆದರೆ ಡ್ರೈವರ್ ಲೋಡ್ ಆಗದಿದ್ದಾಗಲೂ ಹೆಚ್ಚು ಕಡಿಮೆ ಇದೇ ತರಹದ ಸ್ಕ್ರೀನ್ ಬರುತ್ತದೆ. ಆಗ ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಬೂಟ್ ಸಮಯದಲ್ಲಿ ಯಾವ ಗಾತ್ರ ಇಟ್ಟಿತ್ತೋ ಅದರಲ್ಲೇ ಡೆಸ್ಕ್‌ಟಾಪ್ ನಿಂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೋಗ. ಔಷಧಿ ಮಾತ್ರ ಪೂರ್ತಿ ಬೇರೆ. ಇವೆರಡನ್ನು ಬೇರೆ ಮಾಡಿದರೆ ಮುಕ್ಕಾಲು ಕೆಲಸ ಆಯಿತು.

ಡ್ರೈವರ್ ಇದೆಯೋ ಇಲ್ಲವೋ

ಟರ್ಮಿನಲ್ ಬೇಡ ಅನ್ನುವವರು ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಪುಟಕ್ಕೆ ಹೋಗಿ ಗ್ರಾಫಿಕ್ಸ್ ಎಂಬ ಸಾಲು ನೋಡಿ. ಹೊಸ ಉಬುಂಟುಗಳಲ್ಲಿ ಅಲ್ಲೇ ಸಿಸ್ಟಮ್ ಡೀಟೇಲ್ಸ್ ಅಂತ ಒಂದು ಬಟನ್ ಒತ್ತಬೇಕು. ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರು ಕಂಡರೆ ಡ್ರೈವರ್ ಬದುಕಿದೆ. ಎಲ್‌ಎಲ್‌ವಿಎಂಪೈಪ್ ಎಂದು ಕಂಡರೆ ಇಲ್ಲ. ಆಗ ಗ್ರಾಫಿಕ್ಸ್ ಕೆಲಸವನ್ನೆಲ್ಲ ಪ್ರೊಸೆಸರ್ರೇ ಮಾಡುತ್ತಿದೆ. ಕಿಟಕಿ ಎಳೆದರೆ ತಡವರಿಸುವುದು, ವಿಡಿಯೊ ಹಾಕಿದರೆ ಫ್ಯಾನ್ ಜೋರಾಗುವುದು ಅದಕ್ಕೇ.

ಟರ್ಮಿನಲ್‌ನಲ್ಲಿ ಇನ್ನೂ ಗಟ್ಟಿ ಸಾಕ್ಷಿ ಸಿಗುತ್ತದೆ. ಎಲ್‌ಎಸ್‌ಪಿಸಿಐ ಹೈಫನ್ ಕೆ ಹೊಡೆಯಿರಿ. ಬರುವ ಉದ್ದ ಪಟ್ಟಿಯಲ್ಲಿ ವಿಜಿಎ ಎಂದಿರುವ ಸಾಲು ಹುಡುಕಿ. ಅದರ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಎಂಬ ಸಾಲು ಇರಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಐ915, ಎಎಂಡಿ ಆದರೆ ಎಎಂಡಿಜಿಪಿಯು ಅಥವಾ ಹಳೆಯ ಕಾರ್ಡಿಗೆ ರೇಡಿಯಾನ್, ಎನ್‌ವಿಡಿಯಾ ಆದರೆ ಎನ್‌ವಿಡಿಯಾ ಅಥವಾ ಅದರ ಮುಕ್ತ ಬದಲಿ ನೂವೋ. ಕರ್ನಲ್ ಮಾಡ್ಯೂಲ್ಸ್ ಎಂಬ ಸಾಲು ಮಾತ್ರ ಇದ್ದು ಇನ್ ಯೂಸ್ ಸಾಲೇ ಇಲ್ಲ ಅಂದರೆ, ಡ್ರೈವರ್ ಡಿಸ್ಕಿನಲ್ಲಿದೆ, ಕೆಲಸಕ್ಕೆ ಬಂದಿಲ್ಲ.

ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆ ಲಿನಕ್ಸ್‌ನಲ್ಲಿ ಎರಡು: ಹಳೆಯ ಎಕ್ಸ್ 11, ಹೊಸ ವೇಲ್ಯಾಂಡ್. ಎಕ್ಸ್ 11 ಸೆಷನ್‌ನಲ್ಲಿ ಇದ್ದರೆ ಬರೀ ಎಕ್ಸ್‌ರ್ಯಾಂಡರ್ ಎಂದು ಹೊಡೆದರೂ ಸುಳಿವು ಸಿಗುತ್ತದೆ. ಔಟ್‌ಪುಟ್ ಹೆಸರು ಎಚ್‌ಡಿಎಂಐ-1, ವಿಜಿಎ-1, ಲ್ಯಾಪ್‌ಟಾಪ್‌ನಲ್ಲಿ ಇಡಿಪಿ-1 ಹೀಗಿದ್ದರೆ ಡ್ರೈವರ್ ಸರಿ ಇದೆ, ನೇರವಾಗಿ ಕೇಬಲ್ ಕಡೆ ಹೋಗಿ. ಹೆಸರಿನ ಜಾಗದಲ್ಲಿ ಡಿಫಾಲ್ಟ್, ನನ್-1 ಅಥವಾ ಅನ್‌ನೋನ್ ಅಂತಿದ್ದು ಕೆಳಗೆ ಒಂದೇ ಒಂದು ರೆಸಲ್ಯೂಶನ್ ಇದ್ದರೆ ಡ್ರೈವರ್ ಇಲ್ಲ. "ಫೇಲ್ಡ್ ಟು ಗೆಟ್ ಸೈಜ್ ಆಫ್ ಗ್ಯಾಮಾ" ಎಂಬ ಸಾಲೂ ಬಂದರೆ ಅನುಮಾನವೇ ಬೇಡ. ಆ ಎರರ್ ಅನ್ನೇ ಹುಡುಕಿಕೊಂಡು ಹೋಗಿ ಗ್ಯಾಮಾ ಸರಿಮಾಡಲು ಕೂರುವವರಿದ್ದಾರೆ. ಸುಮ್ನೆ ಟೈಮ್ ವೇಸ್ಟ್. ಗ್ಯಾಮಾಗೂ ಇದಕ್ಕೂ ಸಂಬಂಧ ಇಲ್ಲ.

ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿ

ಡ್ರೈವರ್ ಇಲ್ಲ ಅಂತ ಗೊತ್ತಾದ ಮೇಲೆ ಅಪ್‌ಡೇಟ್‌ನ ಮೇಲೆ ತಪ್ಪು ಹೊರಿಸುವ ಮುಂಚೆ ಇದೊಂದು ಪರೀಕ್ಷೆ ಮಾಡಲೇಬೇಕು. ಉಬುಂಟು ಹೊಸ ಕರ್ನಲ್ ಹಾಕುವಾಗ ಹಿಂದಿನದನ್ನು ತೆಗೆಯುವುದಿಲ್ಲ. ಮಷೀನ್ ಆನ್ ಆಗುವಾಗ ಯುಇಎಫ್‌ಐ (ಹೊಸ ಕಾಲದ ಬಯಾಸ್) ಇದ್ದರೆ ಎಸ್ಕೇಪ್, ಹಳೆಯ ಬಯಾಸ್ ಆದರೆ ಶಿಫ್ಟ್ ಒತ್ತಿದರೆ ಯಾವ ಕರ್ನಲ್ ಬೇಕೆಂದು ಕೇಳುವ ಗ್ರಬ್ ಮೆನು ಬರುತ್ತದೆ. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಎರಡನೇ ಕರ್ನಲ್ ಆರಿಸಿ. ರಿಕವರಿ ಮೋಡ್ ಎಂದು ಬರೆದಿರುವುದನ್ನು ಆರಿಸಬೇಡಿ. ರಿಕವರಿಯಲ್ಲಿ ಗ್ರಾಫಿಕ್ಸ್ ಡ್ರೈವರ್ ಬೇಕೆಂದೇ ನಿಲ್ಲಿಸಿರುತ್ತಾರೆ. ಅಲ್ಲಿಂದ ರೆಸ್ಯೂಮ್ ಒತ್ತಿ ಡೆಸ್ಕ್‌ಟಾಪ್‌ಗೆ ಬಂದು "ಇದರಲ್ಲೂ ದಪ್ಪವೇ ಇದೆ" ಅಂದರೆ ಪರೀಕ್ಷೆಗೆ ಅರ್ಥವೇ ಇಲ್ಲ.

ಹಳೆಯ ಕರ್ನಲ್‌ನಲ್ಲಿ ಸ್ಕ್ರೀನ್ ಸರಿ ಬಂದರೆ ನೆಮ್ಮದಿ. ಅಂಗಡಿಯ ಕೆಲಸ ಅದರಲ್ಲೇ ನಡೆಯಲಿ, ರಿಪೇರಿ ಸಂಜೆ ಮಾಡಿಕೊಳ್ಳಬಹುದು. ಹಳೆಯದರಲ್ಲೂ ದಪ್ಪವೇ ಇದ್ದರೆ ಒಂದು ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲಿನಕ್ಸ್ ನಡೆಸುವಂಥದ್ದು) ಹಾಕಿ ನೋಡಿ. ಅದರಲ್ಲೂ ಅದೇ ಕಥೆ ಆದರೆ ಕೇಬಲ್, ಪೋರ್ಟ್, ಮಾನಿಟರ್ ಇವುಗಳಲ್ಲೇ ದೋಷ ಇರುವ ಸಾಧ್ಯತೆ ಜಾಸ್ತಿ.

ಡ್ರೈವರ್ ಯಾಕೆ ಬರಲಿಲ್ಲ

ನಮ್ಮ ಕಡೆ ಮೊದಲು ಕೇಳಬೇಕಾದ ಪ್ರಶ್ನೆ: ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿತ್ತಾ? ಯುಪಿಎಸ್ ಎಲ್ಲರ ಹತ್ತಿರವೂ ಇದೆ, ಬ್ಯಾಟರಿ ಸತ್ತು ಯಾವ ಕಾಲ ಆಯಿತೋ ಯಾರಿಗೂ ನೆನಪಿಲ್ಲ. ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಸುಡೊ ಡಿಪಿಕೆಜಿ ಹೈಫನ್ ಹೈಫನ್ ಕಾನ್ಫಿಗರ್ ಹೈಫನ್ ಎ ಹೊಡೆಯಿರಿ. ಆಮೇಲೆ ಸುಡೊ ಆಪ್ಟ್ ಇನ್‌ಸ್ಟಾಲ್ ಹೈಫನ್ ಎಫ್. ಅರ್ಧಕ್ಕೆ ಬಿದ್ದ ಪ್ಯಾಕೇಜ್‌ಗಳು ಪೂರ್ತಿಯಾಗುತ್ತವೆ. ಬಹಳಷ್ಟು ಕೇಸ್ ಇಲ್ಲೇ ಮುಗಿಯುತ್ತದೆ. ಏನೇನು ಬದಲಾಯಿತು ಎಂದು ನೋಡಲು /ವಾರ್/ಲಾಗ್/ಆಪ್ಟ್ ಫೋಲ್ಡರ್‌ನಲ್ಲಿ ಹಿಸ್ಟರಿ ಲಾಗ್ ಇದೆ, ದಿನ, ಗಂಟೆ ಸಮೇತ.

ಡಿಎಫ್ ಹೈಫನ್ ಎಚ್ ಹೊಡೆದು /ಬೂಟ್ ತುಂಬಿದೆಯಾ ನೋಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ ಮಷೀನ್‌ಗಳಲ್ಲಿ ಇದು ಬೇರೆಯದೇ ಸಣ್ಣ ಪಾರ್ಟಿಷನ್ ಆಗಿರುತ್ತದೆ. ಜಾಗ ಇಲ್ಲದಿದ್ದರೆ ಹೊಸ ಕರ್ನಲ್‌ಗೆ ಬೇಕಾದ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಬೂಟ್ ಫೈಲ್ ಪೂರ್ತಿ ಬರೆಯಲು ಆಗುವುದಿಲ್ಲ. ಸುಡೊ ಆಪ್ಟ್ ಆಟೊರಿಮೂವ್ ಕೊಟ್ಟು ಬೇಡದ ಹಳೆಯ ಕರ್ನಲ್ ತೆಗೆಯಿರಿ, ಆಮೇಲೆ ಸುಡೊ ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ ಹೈಫನ್ ಯು ಹೈಫನ್ ಕೆ ಆಲ್.

ಸ್ಕ್ರೀನ್ ಜೊತೆಗೆ ವೈಫೈ, ಸೌಂಡ್ ಕೂಡ ಹೋಗಿದ್ದರೆ ಗ್ರಾಫಿಕ್ಸ್ ಬಗ್ಗೆ ಯೋಚಿಸುವುದನ್ನೇ ಬಿಡಿ. ಉಬುಂಟುವಿನಲ್ಲಿ ಕರ್ನಲ್ ಡ್ರೈವರ್‌ಗಳಲ್ಲಿ ಎಷ್ಟೋ ಭಾಗ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಎಂಬ ಬೇರೆ ಪ್ಯಾಕೇಜ್‌ನಲ್ಲಿ ಬರುತ್ತದೆ. ಅದು ಮಾತ್ರ ತಪ್ಪಿಹೋಗಿದ್ದರೆ ಎಲ್ಲವೂ ಒಟ್ಟಿಗೆ ಮಾಯ. ಯುನೇಮ್ ಹೈಫನ್ ಆರ್ ಹೊಡೆದರೆ ಈಗಿನ ಕರ್ನಲ್ ನಂಬರ್ ಬರುತ್ತದೆ. ಅದೇ ನಂಬರಿನ ಎಕ್ಸ್‌ಟ್ರಾ ಪ್ಯಾಕೇಜ್ ಹಾಕಿ. ವೈಫೈ ಇಲ್ಲದಿದ್ದರೆ ಫೋನ್ ಅನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ ಟೆದರಿಂಗ್ ಆನ್ ಮಾಡಿದರೆ ನೆಟ್ ಸಿಗುತ್ತದೆ.

ಇನ್ನೊಂದು, ಕ್ಯಾಟ್ /ಪ್ರಾಕ್/ಸಿಎಂಡಿಲೈನ್ ಹೊಡೆದು ನೋಮೋಡ್‌ಸೆಟ್ ಎಂಬ ಪದ ಇದೆಯಾ ನೋಡಿ. ಯಾವಾಗಲೋ ಅಪ್‌ಡೇಟ್ ನಂತರ ಕಪ್ಪು ಪರದೆ ಬಂದಿರುತ್ತದೆ. ಯಾರೋ ಇದನ್ನು ಸೇರಿಸು ಅಂದಿರುತ್ತಾರೆ. ಕಪ್ಪು ಪರದೆ ಹೋಯಿತು, ಅದರ ಜಾಗಕ್ಕೆ 1024 ಬಂತು. ಈ ಪದ ಡ್ರೈವರ್‌ಗೆ ಸ್ಕ್ರೀನ್ ಮುಟ್ಟಬೇಡ ಅನ್ನುತ್ತದೆ, ಅದು ಮುಟ್ಟುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಸೇಫ್ ಗ್ರಾಫಿಕ್ಸ್ ಆರಿಸಿದ್ದರೂ ಇದು ಉಳಿದುಬಿಡಬಹುದು. /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲ್‌ನಿಂದ ಆ ಪದ ತೆಗೆದು ಸುಡೊ ಅಪ್‌ಡೇಟ್-ಗ್ರಬ್ ಕೊಡಿ.

ಎನ್‌ವಿಡಿಯಾ ಇದ್ದರೆ

ಇಂಟೆಲ್, ಎಎಂಡಿ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ, ಅಪ್‌ಡೇಟ್‌ನಲ್ಲಿ ಅಷ್ಟಾಗಿ ಕಾಡುವುದಿಲ್ಲ. ಎನ್‌ವಿಡಿಯಾ ಕಂಪನಿಯ ಡ್ರೈವರ್ ಕರ್ನಲ್‌ನ ಹೊರಗಿನದು. ಪ್ರತಿ ಹೊಸ ಕರ್ನಲ್‌ಗೂ ಅದರ ಮಾಡ್ಯೂಲ್ (ಕರ್ನಲ್‌ಗೆ ಸೇರುವ ಡ್ರೈವರ್ ತುಂಡು) ಹೊಸದಾಗಿ ಬೇಕು. ಕೆಲವು ಸಲ ಉಬುಂಟುವೇ ತಯಾರು ಮಾಡ್ಯೂಲ್ ಕೊಡುತ್ತದೆ, ಇಲ್ಲದಿದ್ದರೆ ಡಿಕೆಎಂಎಸ್ ಎಂಬ ವ್ಯವಸ್ಥೆ ನಿಮ್ಮ ಮಷೀನ್‌ನಲ್ಲೇ ಕಂಪೈಲ್ ಮಾಡುತ್ತದೆ. ಡಿಕೆಎಂಎಸ್ ಸ್ಟೇಟಸ್ ಹೊಡೆದಾಗ ಈಗಿನ ಕರ್ನಲ್ ನಂಬರ್ ಎದುರಿಗೆ ಇನ್‌ಸ್ಟಾಲ್ಡ್ ಎಂದಿರಬೇಕು. ಹಳೆಯ ನಂಬರ್ ಮಾತ್ರ ಇದ್ದರೆ ಹೊಸದಕ್ಕೆ ಕಂಪೈಲ್ ಆಗಿಲ್ಲ. ಸಾಮಾನ್ಯವಾಗಿ ಕಂಪೈಲ್‌ಗೆ ಬೇಕಾದ ಹೆಡರ್ಸ್ ಪ್ಯಾಕೇಜ್ ಇಲ್ಲದ್ದೇ ಕಾರಣ. ಈಗಿನ ಕರ್ನಲ್ ನಂಬರಿನದೇ ಲಿನಕ್ಸ್-ಹೆಡರ್ಸ್ ಪ್ಯಾಕೇಜ್ ಹಾಕಿ, ಸುಡೊ ಡಿಕೆಎಂಎಸ್ ಆಟೊಇನ್‌ಸ್ಟಾಲ್ ಕೊಟ್ಟು ರೀಬೂಟ್ ಮಾಡಿ.

ಮಾಡ್ಯೂಲ್ ಇದ್ದೂ ಲೋಡ್ ಆಗದಿದ್ದರೆ ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ ಹೊಡೆದು ಏನು ಬೈಯುತ್ತದೆ ನೋಡಿ. "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಅಂದರೆ ಸೆಕ್ಯೂರ್ ಬೂಟ್ ತಡೆದಿದೆ, ಮಾಡ್ಯೂಲ್‌ಗೆ ಅದು ಒಪ್ಪುವ ಸಹಿ ಇಲ್ಲ. ಅಪ್‌ಡೇಟ್ ನಡುವೆ ಒಂದು ಪಾಸ್‌ವರ್ಡ್ ಕೇಳಿ, ರೀಬೂಟ್ ಆದಾಗ ನೀಲಿ ಪರದೆ ಬಂದಿತ್ತಾ ಎಂದು ಕೇಳಿ. "ಹೂಂ, ಏನೋ ಬಂತು, ಎಂಟರ್ ಒತ್ತಿದೆ" ಅನ್ನುವ ಉತ್ತರ ಬಂದರೆ ಅಲ್ಲೇ ತಪ್ಪಿದ್ದು. ಆ ನೀಲಿ ಪರದೆಯಲ್ಲಿ ಎನ್‌ರೋಲ್ ಎಂಒಕೆ (ನಿಮ್ಮ ಮಷೀನಿನ ಸಹಿಯ ಕೀ ಸೇರಿಸುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕಿತ್ತು. ಕೆಲವು ಸೆಕೆಂಡ್ ಸುಮ್ಮನಿದ್ದರೂ ಅದು ಮುಂದೆ ಹೋಗಿಬಿಡುತ್ತದೆ. ಮತ್ತೆ ತರಿಸಲು ಸುಡೊ ಎಂಒಕೆಯುಟಿಲ್ ಹೈಫನ್ ಹೈಫನ್ ಇಂಪೋರ್ಟ್ ಬರೆದು /ವಾರ್/ಲಿಬ್/ಶಿಮ್-ಸೈನ್ಡ್/ಎಂಒಕೆ ಫೋಲ್ಡರ್‌ನಲ್ಲಿರುವ ಎಂಒಕೆ ಡಾಟ್ ಡೆರ್ ಫೈಲ್‌ನ ದಾರಿ ಕೊಡಿ. ಫೋಲ್ಡರ್ ಹೆಸರಿನ ಎಂಒಕೆ ಸಣ್ಣಕ್ಷರ, ಫೈಲ್ ಹೆಸರಿನದು ದೊಡ್ಡಕ್ಷರ. ಹೊಸ ಪಾಸ್‌ವರ್ಡ್ ಇಟ್ಟು ರೀಬೂಟ್ ಮಾಡಿ, ಈ ಸಲ ಮಷೀನ್ ಮುಂದೆಯೇ ಕೂತಿರಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡುವುದು ಸುಲಭದ ದಾರಿ. ವಿಂಡೋಸ್ ಕೂಡ ಇರುವ ಮಷೀನ್‌ನಲ್ಲಿ ಅದರ ಡಿಸ್ಕ್ ಬೀಗವಾದ ಬಿಟ್‌ಲಾಕರ್ ರಿಕವರಿ ಕೀ ಕೇಳಿ ಕೂರಬಹುದು, ಆದ್ದರಿಂದ ನಾನು ಆ ದಾರಿ ಹೇಳುವುದಿಲ್ಲ.

ಹಳೆಯ ಕಾರ್ಡುಗಳದ್ದು ಬೇರೆ ಕಥೆ. ಎನ್‌ವಿಡಿಯಾ ತನ್ನ ಚಿಪ್ ಪೀಳಿಗೆಗಳಿಗೆ ಫರ್ಮಿ, ಕೆಪ್ಲರ್ ಹೀಗೆ ಹೆಸರಿಟ್ಟಿದೆ. ಫರ್ಮಿ ಕಾಲದ ಕಾರ್ಡುಗಳಿಗೆ ಡ್ರೈವರ್‌ನ 390 ಸರಣಿಯೇ ಕೊನೆ, ಅದಕ್ಕೆ 2022ರ ಕೊನೆಗೆ ಬೆಂಬಲ ನಿಂತಿತು. ಕೆಪ್ಲರ್ ಕಾರ್ಡುಗಳಿಗೆ 470 ಕೊನೆಯದು. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್‌ಗೆ 580. ಡಿಸ್ಟ್ರೊ (ಉಬುಂಟು, ಮಿಂಟ್ ಇತ್ಯಾದಿ) ಹೊಸ ಆವೃತ್ತಿಗೆ ಏರಿದಾಗ ಹಳೆಯ ಸರಣಿಯ ಡ್ರೈವರ್ ಹೊಸ ಕರ್ನಲ್‌ನಲ್ಲಿ ಕಂಪೈಲೇ ಆಗದಿರಬಹುದು. ಸೆಕೆಂಡ್ ಹ್ಯಾಂಡ್ ಮಷೀನ್‌ಗಳಲ್ಲಿ ಸಿಗುವ ಜಿಟಿ 730 ಎಂಬ ಹೆಸರಿನಲ್ಲಿ ಫರ್ಮಿಯೂ ಇದೆ, ಕೆಪ್ಲರ್ರೂ ಇದೆ. ಡಬ್ಬದ ಮೇಲಿನ ಹೆಸರು ನಂಬಬೇಡಿ, ಎಲ್‌ಎಸ್‌ಪಿಸಿಐ ತೋರಿಸುವ ಚಿಪ್ ಹೆಸರು ನೋಡಿ. ಜಿಎಫ್ ಎಂದು ಶುರುವಾದರೆ ಫರ್ಮಿ, ಜಿಕೆ ಅಂದರೆ ಕೆಪ್ಲರ್. ಇಂಥ ಕಾರ್ಡಿಗೆ ಕಂಪನಿಯ ಡ್ರೈವರ್ ಪೂರ್ತಿ ತೆಗೆದು ನೂವೋದಲ್ಲೇ ಬಿಡುವುದು ವಾಸಿ. ಟೈಪಿಂಗ್, ಬ್ರೌಸಿಂಗ್, ಪ್ರಿಂಟ್ ಕೆಲಸಕ್ಕೆ ಅಷ್ಟು ಸಾಕು.

ಯಾವ ಡ್ರೈವರ್ ಸರಿ ಎಂದು ಗೊತ್ತಾಗದಿದ್ದರೆ ಉಬುಂಟು-ಡ್ರೈವರ್ಸ್ ಡಿವೈಸಸ್ ಹೊಡೆದರೆ ರೆಕಮೆಂಡೆಡ್ ಎಂದು ತೋರಿಸುತ್ತದೆ. ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ಇದೆ. ಕಂಪನಿಯ ಸೈಟ್‌ನಿಂದ ಡಾಟ್ ರನ್ ಫೈಲ್ ಇಳಿಸಿ ಹಾಕಬೇಡಿ. ಮುಂದಿನ ಕರ್ನಲ್ ಬಂದಾಗ ಮತ್ತೆ ಇದೇ ಪಾಡು.

ಡ್ರೈವರ್ ಸರಿ ಇದೆ, ಆದರೂ 1024

ಈಗ ಕೇಬಲ್. ಇಲ್ಲಿ ಅಪ್‌ಡೇಟ್ ಸುಮ್ನೆ ಬೈಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ರೀಬೂಟ್ ಆಗದ ಮಷೀನ್ ಕರ್ನಲ್ ಅಪ್‌ಡೇಟ್‌ಗೋಸ್ಕರ ರೀಬೂಟ್ ಆಗುತ್ತದೆ, ಅಲ್ಲಿಯವರೆಗೆ ಹಳೆಯ ಪಟ್ಟಿಯಲ್ಲೇ ನಡೆದಿದ್ದು ಈಗ ಮಾನಿಟರ್ ಹತ್ತಿರ ಹೊಸದಾಗಿ ಇಡಿಐಡಿ ಕೇಳುತ್ತದೆ. ಕೇಬಲ್ ಕೆಟ್ಟಿದ್ದು ಆಗ ಬೆಳಕಿಗೆ ಬರುತ್ತದೆ.

ಆಯುಧಪೂಜೆಯ ಮಾರನೇ ವಾರ ಇದು ಖಂಡಿತ. ಮೈಸೂರು, ಮಂಡ್ಯದಲ್ಲಿ ಹಬ್ಬದ ಹಿಂದಿನ ದಿನ ಸಿಪಿಯು, ಮಾನಿಟರ್ ಎಲ್ಲ ಬಿಚ್ಚಿ ಒರೆಸಿ, ಅರಿಶಿನ ಕುಂಕುಮ ಇಟ್ಟು, ಹೂವು ಹಾಕಿ ಪೂಜೆ ಮಾಡುತ್ತಾರೆ. ಹಬ್ಬ ಮುಗಿದ ಮೇಲೆ ಯಾರೋ ಹುಡುಗ ಕೇಬಲ್ ಮತ್ತೆ ಹಾಕುತ್ತಾನೆ. ಗ್ರಾಫಿಕ್ಸ್ ಕಾರ್ಡಿನಲ್ಲಿದ್ದ ಕೇಬಲ್ ಮದರ್‌ಬೋರ್ಡಿನ ಪೋರ್ಟಿಗೆ ಹೋಗುತ್ತದೆ. ವಿಜಿಎ ಪಿನ್ನನ್ನು ಓರೆಯಾಗಿ ತಳ್ಳಿ ಒಂದು ಪಿನ್ ಬಾಗುತ್ತದೆ. ಆಮೇಲೆ ಮಷೀನ್ ಆನ್ ಮಾಡಿದ್ದೇ ಕಾದಿದ್ದ ಅಪ್‌ಡೇಟ್‌ಗಳೂ ಬರುತ್ತವೆ. ಬೈಗುಳ ಲಿನಕ್ಸ್‌ಗೆ.

ಹಾಗಾಗಿ ಮೊದಲು ಹಿಂದೆ ಹೋಗಿ ನೋಡಿ. ಅಡ್ಡಡ್ಡ ಇರುವ ಪೋರ್ಟು ಗ್ರಾಫಿಕ್ಸ್ ಕಾರ್ಡಿನದು, ಮೇಲ್ಗಡೆ ಯುಎಸ್‌ಬಿ ಪಕ್ಕದಲ್ಲಿರುವುದು ಮದರ್‌ಬೋರ್ಡಿನದು. ಕೇಬಲ್ ಬಿಚ್ಚಿ ವಿಜಿಎ ಪಿನ್‌ಗಳನ್ನು ಟಾರ್ಚ್ ಹಾಕಿ ನೋಡಿ. 15 ಪಿನ್, ಮೂರು ಸಾಲು. ಇಡಿಐಡಿ ಹರಿಯುವುದು 12 ಮತ್ತು 15ನೇ ಪಿನ್‌ಗಳಲ್ಲಿ. ಎರಡೂ 11ರಿಂದ ಶುರುವಾಗುವ ಕೊನೆಯ ಸಾಲಿನಲ್ಲಿವೆ, ಒಂದು ಎರಡನೆಯದು, ಇನ್ನೊಂದು ತುದಿಯದು. ಇವು ಬಾಗಿದ್ದರೂ ಬಣ್ಣ, ಚಿತ್ರ ಎಲ್ಲ ಬರುತ್ತದೆ, ವಿವರ ಮಾತ್ರ ಬರುವುದಿಲ್ಲ. ಅದಕ್ಕೇ ಕೇಬಲ್ ಚೆನ್ನಾಗಿದೆ ಅಂತ ಮೋಸ ಹೋಗುತ್ತೇವೆ. ಮಧ್ಯದ ಸಾಲಿನಲ್ಲಿ 9ನೇ ಪಿನ್ ಇಲ್ಲದ ಕೇಬಲ್ ಎಷ್ಟೋ ಇವೆ, ಅದು ಮುರಿದದ್ದಲ್ಲ, ತಯಾರಿಯೇ ಹಾಗೆ. ಅಗ್ಗದ ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ನಡುವೆ ಇದ್ದರೆ ಅದನ್ನೂ ಬದಲಿಸಿ ನೋಡಿ.

ಇಡಿಐಡಿ ಬಂದಿದೆಯಾ ಎಂದು ಸಂಖ್ಯೆಯಲ್ಲೇ ತಿಳಿಯಬಹುದು. /ಸಿಸ್/ಕ್ಲಾಸ್/ಡಿಆರ್‌ಎಂ ಫೋಲ್ಡರ್‌ನಲ್ಲಿ ಪ್ರತಿ ಪೋರ್ಟಿಗೂ ಒಂದು ಫೋಲ್ಡರ್ ಇದೆ: ಕಾರ್ಡ್0-ವಿಜಿಎ-1, ಕಾರ್ಡ್0-ಎಚ್‌ಡಿಎಂಐ-ಎ-1 ಹೀಗೆ. ಹೊಸ ಕರ್ನಲ್‌ಗಳಲ್ಲಿ ಕಾರ್ಡ್1 ಎಂದೂ ಇರುತ್ತದೆ, ಗಾಬರಿ ಬೇಡ. ಅದರೊಳಗಿನ ಇಡಿಐಡಿ ಫೈಲ್ ಮೇಲೆ ಡಬ್ಲ್ಯುಸಿ ಹೈಫನ್ ಸಿ ಹೊಡೆಯಿರಿ. 128 ಅಥವಾ 256 ಬಂದರೆ ವಿವರ ತಲುಪಿದೆ. ಸೊನ್ನೆ ಬಂದರೆ ಇಲ್ಲ. ಎಲ್‌ಎಸ್ ಹೈಫನ್ ಎಲ್‌ನಲ್ಲಿ ಗಾತ್ರ ನೋಡಬೇಡಿ, ಒಳಗೆ ಏನಿದ್ದರೂ ಅದು ಸೊನ್ನೆ ಅಂತಲೇ ತೋರಿಸುತ್ತದೆ.

ಡೆಸ್ಕ್‌ಟಾಪ್‌ನ ಚೇಷ್ಟೆ

ಇದು ಕಡಿಮೆ, ಬೇಗ ಮುಗಿಸೋಣ. ಪಟ್ಟಿಯಲ್ಲಿ ಸರಿಯಾದ ರೆಸಲ್ಯೂಶನ್ ಇದ್ದೂ ದಪ್ಪ ಕಾಣುತ್ತಿದ್ದರೆ ಸ್ಕೇಲ್ ಎಂಬುದು 100 ಬಿಟ್ಟು 200ಕ್ಕೆ ಹೋಗಿದೆಯಾ ನೋಡಿ. ಆರಿಸಿದ್ದು ಪ್ರತಿ ಲಾಗಿನ್‌ಗೂ ಅಳಿಸಿಹೋಗುತ್ತಿದ್ದರೆ ಉಬುಂಟುವಿನಲ್ಲಿ ಹೋಮ್ ಫೋಲ್ಡರ್‌ನ ಡಾಟ್ ಕಾನ್ಫಿಗ್ ಒಳಗಿನ ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್‌ಗೆ ಬೇರೆ ಹೆಸರಿಟ್ಟು ಲಾಗೌಟ್ ಆಗಿ. ಎಕ್ಸ್ 11 ಇದ್ದು /ಇಟಿಸಿ/ಎಕ್ಸ್11 (ಇಲ್ಲಿ ಎಕ್ಸ್ ದೊಡ್ಡಕ್ಷರ) ಒಳಗೆ ಹಳೆಯ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಸಿಕ್ಕರೆ ಅದನ್ನೂ ಪಕ್ಕಕ್ಕೆ ಸರಿಸಿ. ಟಿವಿಗೆ ಹಾಕಿದಾಗ ಅಂಚು ಕತ್ತರಿಸಿದರೆ ದೋಷ ಟಿವಿಯದು, ಅದರ ರಿಮೋಟ್‌ನಲ್ಲೇ ಪಿಕ್ಚರ್ ಸೈಜ್ ಬದಲಿಸಬೇಕು.

ಬಲವಂತ ಮಾಡುವುದು ಯಾವಾಗ

ಡ್ರೈವರ್ ಇದೆ, ಕೇಬಲ್ ಬದಲಿಸಿದ್ದಾಯಿತು, ಮಾನಿಟರ್‌ನ ಚಿಪ್ಪೇ ಸತ್ತಿದೆ ಅಂತ ಖಾತ್ರಿಯಾದಾಗ ಮಾತ್ರ. ಎಕ್ಸ್ 11 ಇದ್ದರೆ ಸಿವಿಟಿ 1920 1080 60 ಹೊಡೆಯಿರಿ. ಅದು ಕೊಡುವ ಮೋಡ್‌ಲೈನ್‌ನ ಅಂಕಿಗಳನ್ನು ಎಕ್ಸ್‌ರ್ಯಾಂಡರ್‌ನ ನ್ಯೂಮೋಡ್‌ಗೆ ಕೊಟ್ಟು, ಆಡ್‌ಮೋಡ್‌ನಲ್ಲಿ ಪೋರ್ಟ್ ಹೆಸರಿಗೆ ಸೇರಿಸಿ, ಔಟ್‌ಪುಟ್ ಮತ್ತು ಮೋಡ್ ಹೇಳಿ ಆನ್ ಮಾಡಿ. ಸರಿ ಬಂದರೆ ಅದೇ ಸಾಲುಗಳನ್ನು ಹೋಮ್ ಫೋಲ್ಡರ್‌ನ ಡಾಟ್ ಎಕ್ಸ್‌ಪ್ರೊಫೈಲ್‌ನಲ್ಲಿ ಬರೆದಿಡಿ. ಅಂಗಡಿಗಳಲ್ಲಿ ಕಾಣುವ 18.5 ಇಂಚಿನ ಮಾನಿಟರ್ ಜಾಸ್ತಿ 1366×768. ಸಿವಿಟಿಗೆ 1366 ಕೊಟ್ಟರೆ ಅದು 1368 ಮಾಡಿಕೊಡುತ್ತದೆ, ಏಕೆಂದರೆ ಅದು ಎಂಟರಿಂದ ಭಾಗವಾಗುವ ಅಗಲವನ್ನೇ ಲೆಕ್ಕ ಹಾಕುತ್ತದೆ. ಎರಡು ಚುಕ್ಕೆಯ ವ್ಯತ್ಯಾಸ, ಕಣ್ಣಿಗೆ ಕಾಣದು, ಹಾಗೇ ಬಳಸಿ.

ವೇಲ್ಯಾಂಡ್‌ನಲ್ಲಿ ಈ ದಾರಿ ನಡೆಯುವುದಿಲ್ಲ. ಉಬುಂಟು 25.10ರ ಗ್ನೋಮ್‌ನಲ್ಲಂತೂ ಎಕ್ಸ್ 11 ಸೆಷನ್ ಆಯ್ಕೆಯೇ ಇಲ್ಲ. ಅಲ್ಲಿ ಕರ್ನಲ್‌ಗೇ ಹೇಳಬೇಕು: ಗ್ರಬ್ ಫೈಲ್‌ನ ಕಮಾಂಡ್‌ಲೈನ್ ಸಾಲಿನಲ್ಲಿ ವಿಡಿಯೊ=ವಿಜಿಎ-1:1920×1080@60 ಎಂದು ಸೇರಿಸಿ ಅಪ್‌ಡೇಟ್-ಗ್ರಬ್ ಕೊಡಿ. ಇಲ್ಲಿ ಪೋರ್ಟಿನ ಹೆಸರು ದೊಡ್ಡಕ್ಷರದಲ್ಲಿ, ಗುಣಿಸು ಚಿಹ್ನೆಯ ಜಾಗದಲ್ಲಿ ಸಣ್ಣ ಎಕ್ಸ್ ಅಕ್ಷರ. ಹೆಸರು ಡಿಆರ್‌ಎಂ ಫೋಲ್ಡರ್‌ನಲ್ಲಿ ಇದ್ದ ಹಾಗೇ ಇರಬೇಕು. ಎಕ್ಸ್‌ರ್ಯಾಂಡರ್ ಎಚ್‌ಡಿಎಂಐ-1 ಅಂದದ್ದನ್ನು ಕರ್ನಲ್ ಎಚ್‌ಡಿಎಂಐ-ಎ-1 ಅನ್ನುತ್ತದೆ. ನಡುವಿನ ಎ ಬಿಟ್ಟರೆ ಸಾಲು ಕೆಲಸ ಮಾಡುವುದಿಲ್ಲ, ಎರರ್ ಕೂಡ ಹೇಳುವುದಿಲ್ಲ.

ಹೊಸ ಕರ್ನಲ್‌ನದ್ದೇ ತೊಂದರೆ ಅಂತ ಗೊತ್ತಾಗಿ, ಸದ್ಯಕ್ಕೆ ಹಳೆಯದರಲ್ಲೇ ಇರುವುದಾದರೆ, ಹಳೆಯದರಲ್ಲಿ ಬೂಟ್ ಆಗಿ ಅದರ ಲಿನಕ್ಸ್-ಇಮೇಜ್ ಪ್ಯಾಕೇಜ್ ಅನ್ನು ಸುಡೊ ಆಪ್ಟ್-ಮಾರ್ಕ್ ಹೋಲ್ಡ್‌ನಲ್ಲಿ ನಂಬರ್ ಸಮೇತ ಹಿಡಿದಿಡಿ. ಇಲ್ಲದಿದ್ದರೆ ಇನ್ನೆರಡು ಅಪ್‌ಡೇಟ್ ಬಂದ ಮೇಲೆ ಆಟೊರಿಮೂವ್ ಅದನ್ನು ಗುಡಿಸಿಹಾಕಬಹುದು. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ತೆರೆದರೆ ಯಾವುದು ಇದೆ, ಯಾವುದು ತೆಗೆಯಬಹುದು ಎಲ್ಲ ಕಾಣುತ್ತದೆ. ಮುಂದಿನ ಕರ್ನಲ್ ಬಂದಾಗ ಅದರಲ್ಲಿ ಒಮ್ಮೆ ಬೂಟ್ ಮಾಡಿ, ಸ್ಕ್ರೀನ್ ಸರಿ ಬಂದರೆ ಅನ್‌ಹೋಲ್ಡ್ ಕೊಡಿ. ಹಳೆಯ ಕರ್ನಲ್‌ಗೆ ಸೆಕ್ಯೂರಿಟಿ ಪ್ಯಾಚ್ ಬರುವುದಿಲ್ಲ, ವರ್ಷಗಟ್ಟಲೆ ಅದರಲ್ಲೇ ಇರಬೇಡಿ.